ಒಲೆಯ ಎಡಗಡೆಯ ಹೂವು

ಗ್ದಿನ್ಯಾ, ೧೪ ಫೆಬ್ರವರಿ ೨೦೦೧

ಓಲ್ಶಾ ಊರಿನ ಬಣ್ಣದ ಮನೆಯ ಬೀಗದ ಕೈ ಯಾರ ಬಳಿ ಇದೆಯೋ ಅವರಿಗೆ,

ಹೆಸರು ತಿಳಿಯದೆ ಬರೆಯುತ್ತಿದ್ದೇನೆ, ಕ್ಷಮಿಸಿ. ರೊಝಾಲಿಯಾ ಅವರ ಮನೆಯನ್ನು ಬರುವ ಜೂನ್ ತಿಂಗಳ ಪರಮಪ್ರಸಾದದ ಹಬ್ಬದ ದಿನ ಮ್ಯೂಸಿಯಂ ಆಗಿ ತೆರೆಯುತ್ತಾರೆಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಕತ್ತರಿಸಿ ಇಟ್ಟುಕೊಂಡಿದ್ದೇನೆ.

ನನ್ನ ಹೆಸರು ಬೊಗುಮಿಲ್. ಇಲ್ಲಿನ ಬಂದರಿನಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದೆ. ನನ್ನ ಹೆಂಡತಿ ಲಿದಿಯಾ ಬಂದರಿನ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಬೇಸಿಗೆಯಲ್ಲಿ ದೇಶವೆಲ್ಲ ನಮ್ಮ ಸಮುದ್ರ ನೋಡಲು ಬಂದರೆ ನಾವಿಬ್ಬರು ಒಳನಾಡಿಗೆ ಹೊರಡುತ್ತಿದ್ದೆವು, ಚಿಕ್ಕ ಊರುಗಳ ಮ್ಯೂಸಿಯಂಗಳನ್ನು, ಯಾರೋ ಬಾಳಿ ಹೋದ ಮನೆಗಳನ್ನು ನೋಡಲು. ದೊಡ್ಡ ಮ್ಯೂಸಿಯಂಗಳು ಲಿದಿಯಾಗೆ ಹಿಡಿಸುತ್ತಿರಲಿಲ್ಲ. "ಅಲ್ಲೆಲ್ಲ ರಾಜರೇ ತುಂಬ್ಕೊಂಡಿರ್ತಾರೆ, ನಮಗೆಲ್ಲಿ ಜಾಗ" ಅನ್ನುತ್ತಿದ್ದಳು. ಒಂದು ನದಿಯ ದಂಡೆಯಲ್ಲಿ ದೋಣಿಯವನ ಗುಡಿಸಲು ನೋಡಿದ್ದೆವು. ಅಲ್ಲಿ ಇದ್ದದ್ದು ಒಂದು ಹಾಸಿಗೆ, ಒಂದು ಲಾಂದ್ರ, ಒಂದು ಮರದ ಕಂಬ. ಅಪ್ಪ, ಮಗ, ಮೊಮ್ಮಗ ಹಗ್ಗ ಎಳೆದು ಎಳೆದು ಆ ಕಂಬದಲ್ಲಿ ಬೆರಳು ಹಿಡಿಸುವಷ್ಟು ಆಳದ ಗೀರು ಬಿದ್ದಿತ್ತು. ಲಿದಿಯಾ ಆ ಗೀರಿನಲ್ಲಿ ಬೆರಳಿಟ್ಟು ನಿಂತವಳು ಬಸ್ಸು ಹೊರಡುವವರೆಗೆ ತೆಗೆಯಲಿಲ್ಲ.

ಅವಳು ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡಳು.

ಅವಳ ಒಂದು ನೋಟುಪುಸ್ತಕ ಇದೆ. ಪ್ರತಿ ಮ್ಯೂಸಿಯಂನ ಟಿಕೆಟನ್ನು ಅಂಟಿಸಿ ಕೆಳಗೆ ಎರಡು ಮೂರು ಸಾಲು ಬರೆಯುತ್ತಿದ್ದಳು. ಓಲ್ಶಾದ ಪುಟದಲ್ಲಿ ಟಿಕೆಟ್ ಇಲ್ಲ, ಆಗ ನಿಮ್ಮಲ್ಲಿ ಟಿಕೆಟ್ ಇರಲಿಲ್ಲವಲ್ಲ. ಹೀಗೆ ಬರೆದಿದ್ದಾಳೆ: "ಜೂನ್ ೧೯೭೪. ರೊಝಾಲಿಯಾ ಅನ್ನುವವರು ಅಡುಗೆಮನೆಯ ಗೋಡೆಗೆ ಹೂ ಬರೆಯುತ್ತಿದ್ದರು. ನನ್ನ ಕೈಗೂ ಕುಂಚ ಕೊಟ್ಟರು. ಒಲೆಯ ಎಡಕ್ಕೆ, ಸಕ್ಕರೆ ಡಬ್ಬಿಯ ಹಲಗೆಯ ಕೆಳಗೆ, ನೀಲಿ ಹೂ, ಏಳು ಎಸಳು. ಬಸ್ಸಿನವನು ಹಾರ್ನ್ ಹೊಡೆದ. ಏಳನೆಯ ಎಸಳಿಗೆ ಬಣ್ಣ ತುಂಬಲಾಗಲಿಲ್ಲ. ಮುಂದಿನ ಸಲ ಬಂದು ತುಂಬುತ್ತೇನೆ ಅಂದಿದ್ದೇನೆ."

ಮುಂದಿನ ಸಲ ಬರಲೇ ಇಲ್ಲ. ಪ್ರತಿ ವರ್ಷ ಇನ್ನೊಂದು ಹೊಸ ಊರು ಇರುತ್ತಿತ್ತು.

ಟೈಪ್ ಮಾಡುವವಳ ಕೈಕೆಲಸ ಏನು ಉಳಿಯುತ್ತದೆ ಹೇಳಿ? ಸಾವಿರಾರು ಕಾಗದ ಟೈಪ್ ಮಾಡಿದಳು, ಎಲ್ಲದರ ಕೆಳಗೂ ಬೇರೆಯವರ ಸಹಿ. ಅವಳು ಕಸೂತಿ ಹಾಕಲಿಲ್ಲ, ಹೆಣೆಯಲಿಲ್ಲ. ಅವಳು ಕೈಯಾರೆ ಮಾಡಿದ್ದು ಅಂತ ಈ ಲೋಕದಲ್ಲಿರುವುದು ನಿಮ್ಮ ಗೋಡೆಯ ಮೇಲಿನ ಆ ಹೂ ಒಂದೇ. ಅದು ಅಲ್ಲಿದೆಯೇ? ಇದೆ ಅಂತ ಒಂದು ಸಾಲು ಬರೆದರೆ ಸಾಕು, ಹಬ್ಬಕ್ಕೆ ಬಂದು ನೋಡಿಕೊಂಡು ಹೋಗುತ್ತೇನೆ.

ಬೊಗುಮಿಲ್


ಓಲ್ಶಾ, ೩ ಮಾರ್ಚ್ ೨೦೦೧

ಬೊಗುಮಿಲ್ ಅವರಿಗೆ,

ನಿಮ್ಮ ಕಾಗದ ಬಂತು. ಬೀಗದ ಕೈ ನನ್ನ ಹತ್ತಿರ ಇದೆ. ನಾನು ತೆಕ್ಲಾ, ರೊಝಾಲಿಯಾಳ ತಂಗಿ. ಅಂಗಳದ ಆಚೆಯ ಮನೆಯಲ್ಲಿರುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಹೆಂಡತಿಯ ವಿಷಯ ಓದಿ ಕಾಗದವನ್ನು ಮಡಿಸಿಟ್ಟೆ. ಎರಡು ದಿನ ಬಿಟ್ಟು ಮತ್ತೆ ತೆಗೆದೆ.

ರೊಝಾಲಿಯಾ ಈಗ ಕಾಗದಗಳಿಗೆ ಉತ್ತರ ಬರೆಯುವ ಹಾಗಿಲ್ಲ. ಅದಕ್ಕೇ ನಾನು ಬರೆಯುತ್ತಿರುವುದು. ಚಳಿಗಾಲದಲ್ಲಿ ಆ ಮನೆ ಮುಚ್ಚಿರುತ್ತದೆ, ಕಿಟಕಿಗಳಿಗೆ ಹಲಗೆ ಹಾಕಿದೆ. ಒಲೆಯ ಎಡಕ್ಕೆ ತುಂಬ ಹೂಗಳಿವೆ. ಒಳಗೆ ಹೋದಾಗ ನೋಡುತ್ತೇನೆ.

ಇಲ್ಲಿ ಇನ್ನೂ ಹಿಮ ಕರಗಿಲ್ಲ.

ತೆಕ್ಲಾ


ಗ್ದಿನ್ಯಾ, ೧೯ ಮಾರ್ಚ್ ೨೦೦೧

ತೆಕ್ಲಾ ಅವರೇ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ತುಂಬ ಹೂಗಳಿವೆ" ಅಂದಿದ್ದೀರಿ. ಹಾಗಾದರೆ ಅವುಗಳಲ್ಲಿ ಅದೂ ಇರಬೇಕು. ಗುರುತು ಸುಲಭ, ಏಳನೆಯ ಎಸಳು ಖಾಲಿ.

ನಿಮ್ಮ ಅಕ್ಕನಿಗೆ ಮೈ ಹುಷಾರಿಲ್ಲವೆಂದು ತಿಳಿದು ಬೇಸರವಾಯಿತು. ಈ ಡಬ್ಬಿಯಲ್ಲಿ ಲಿಂಡನ್ ಹೂವಿನ ಜೇನು ಇದೆ, ಅವರಿಗೆ. ಬಿಸಿ ಹಾಲಿನಲ್ಲಿ ಒಂದು ಚಮಚ, ಎದೆಗೆ ಒಳ್ಳೆಯದು. ಲಿದಿಯಾಗೆ ನಾನು ಹಾಗೇ ಕೊಡುತ್ತಿದ್ದೆ.

ಇದನ್ನು ನಿಮಗೆ ಹೇಳಬೇಕು. ನಿಮ್ಮ ಕಾಗದ ಬಂದ ವಾರ ನಾನು ಅವಳು ಹೋದ ಮೇಲೆ ಮೊದಲ ಸಲ ಒಬ್ಬನೇ ಒಂದು ಮ್ಯೂಸಿಯಂಗೆ ಹೋದೆ. ಇಲ್ಲಿಂದ ಎರಡು ಗಂಟೆ ದೂರ, ಒಬ್ಬ ದರ್ಜಿಯ ಮನೆ. ಬಾಗಿಲಲ್ಲಿ ಶೂಗಳ ಮೇಲೆ ತೊಡುವ ಉಣ್ಣೆಯ ಚಪ್ಪಲಿಗಳ ರಾಶಿ. ಲಿದಿಯಾಗೆ ಅವೆಂದರೆ ಪ್ರಾಣ. ಹಾಕಿಕೊಂಡು ನೆಲದ ಮೇಲೆ ಜಾರುತ್ತಿದ್ದಳು, ಕಾವಲಿನ ಅಜ್ಜಿಯರು ಬೈಯುತ್ತಿದ್ದರು. ನಾನು ಅಭ್ಯಾಸದಲ್ಲಿ ಎರಡು ಜೊತೆ ಆರಿಸಿದೆ. ಕಾವಲಿನಾಕೆ "ಇನ್ನೊಬ್ರು ಹಿಂದೆ ಬರ್ತಿದ್ದಾರಾ?" ಅಂದಳು. ಹೌದು ಅಂದೆ. ಎರಡನೆಯ ಜೊತೆಯನ್ನು ಬಾಗಿಲ ಪಕ್ಕದಲ್ಲೇ ಇಟ್ಟು ಒಳಗೆ ಹೋದೆ.

ಆ ದರ್ಜಿ ಸತ್ತು ಐವತ್ತು ವರ್ಷವಾಗಿದೆ. ಮೇಜಿನ ಮೇಲೆ ಅವನು ಸೀಮೆಸುಣ್ಣದಲ್ಲಿ ಎಳೆದ ಗೆರೆ ಇನ್ನೂ ಇತ್ತು, ಒಂದು ತೋಳಿನ ಅಳತೆ. ಯಾರದೋ ತೋಳು. ಉಸಿರು ಬಿಗಿಹಿಡಿದು ನೋಡಿದೆ, ಊದಿದರೆ ಹೋಗುವ ಗೆರೆ ಐವತ್ತು ವರ್ಷ ಉಳಿದಿದೆ. ಅದಕ್ಕೇ ನನಗೆ ಮ್ಯೂಸಿಯಂಗಳ ಮೇಲೆ ನಂಬಿಕೆ. ಎಲ್ಲ ಹೋದರೂ ಅಲ್ಲಿ ಮಾತ್ರ ಏನೂ ಅಳಿಸಿಹೋಗುವುದಿಲ್ಲ.

ಜೂನ್ ೧೪ಕ್ಕೆ ಬರುತ್ತೇನೆ, ರೈಲು ಟಿಕೆಟ್ ಕೊಂಡಾಗಿದೆ. ಸಾಧ್ಯವಾದರೆ ಹೂ ಒಲೆಯಿಂದ ಎಷ್ಟು ಗೇಣು ದೂರದಲ್ಲಿದೆ, ಬರೆಯಿರಿ.

ಬೊಗುಮಿಲ್


ಓಲ್ಶಾ, ೬ ಮೇ ೨೦೦೧

ಬೊಗುಮಿಲ್ ಅವರೇ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ನೆಪ ಹೇಳುವುದಿಲ್ಲ. ಬರೆಯಲು ಕುಳಿತು ಎದ್ದು ಹೋಗುತ್ತಿದ್ದೆ.

ರೊಝಾಲಿಯಾ ತೀರಿಕೊಂಡು ಆರು ತಿಂಗಳಾಯಿತು. ನವೆಂಬರ್ ೯. ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ನೀವು ಜೇನು ಕಳಿಸಿದಿರಿ. ಅದನ್ನು ನಾನೇ ತಿಂದೆ, ಪ್ರತಿ ಸಲ ಅವಳಿಗೆ ಹೇಳಿ ತಿಂದೆ.

ಆ ಮನೆ ಚಳಿಗಾಲಕ್ಕೆ ಮುಚ್ಚಿರುತ್ತದೆ ಅಂದದ್ದೂ ಸುಳ್ಳು. ಅವಳ ಹೆಣ ಹೊರಗೆ ತಂದ ದಿನ ಬೀಗ ಹಾಕಿದವಳು ಆಮೇಲೆ ತೆಗೆದಿಲ್ಲ. ಅಂಗಳ ದಾಟಿದರೆ ಮನೆ. ದಾಟಿಲ್ಲ.

ಇನ್ನೊಂದು ವಿಷಯ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಊರಿನಲ್ಲಿ ಪ್ರತಿ ವರ್ಷ ಪರಮಪ್ರಸಾದದ ಹಬ್ಬಕ್ಕೆ ಹತ್ತು ದಿನ ಮೊದಲು ಗೋಡೆಗಳಿಗೆ ಸುಣ್ಣ ಬಳಿಯುತ್ತೇವೆ. ಹಿಂದಿನ ವರ್ಷದ ಹೂಗಳೆಲ್ಲ ಮುಚ್ಚಿಹೋಗುತ್ತವೆ. ಬಿಳಿ ಗೋಡೆಯ ಮೇಲೆ ಹೊಸದಾಗಿ ಬರೆಯುತ್ತೇವೆ. ಎಲ್ಲ ಮನೆಯಲ್ಲೂ ಹೀಗೇ. ಇದನ್ನು ನಾವು ಯಾರಿಗೂ ಬಿಡಿಸಿ ಹೇಳಿದ್ದಿಲ್ಲ, ವರ್ಷಕ್ಕೊಮ್ಮೆ ಹಾಸಿಗೆ ಒಗೆಯುತ್ತೇವೆ ಅಂತ ಯಾರಾದರೂ ಹೇಳುತ್ತಾರೆಯೇ? ನಮ್ಮ ಮನೆಯಲ್ಲಿ ಸುಣ್ಣ ನನ್ನದು, ಬಣ್ಣ ರೊಝಾಲಿಯಾಳದು. ನನ್ನ ಕೈಗೆ ಒಂದು ಎಲೆಯೂ ಬರುವುದಿಲ್ಲ. ಅವಳು ಹಾಲು, ಮೊಟ್ಟೆ, ಮಸಿ ಕಲಸಿಕೊಂಡು, ಹಸುವಿನ ಬಾಲದ ಕೂದಲಿನ ಕುಂಚ ಹಿಡಿದು ಹಿಂದೆ ನಿಂತಿರುತ್ತಿದ್ದಳು. "ಬೇಗ ಬೇಗ ಬಳಿಯೇ, ನನ್ನ ಹೂಗಳಿಗೆ ಉಸಿರು ಕಟ್ತಿದೆ" ಅನ್ನುವಳು. "ನಿನ್ನ ಹೂ ಮುಚ್ಚೋಳು ನಾನು, ಮೊದಲು ನನಗೆ ಕಾಫಿ ಕೊಡು" ಅನ್ನುತ್ತಿದ್ದೆ. ಸುಣ್ಣ ಬಳಿಯುವಾಗ ನಾನು ಗೋಡೆಯನ್ನು ನೋಡುತ್ತಿರಲಿಲ್ಲ, ಕುಂಚ ಮತ್ತು ಬಕೆಟ್ ಅಷ್ಟೇ. ನೋಡಿದರೆ ಕೈ ಏಳುವುದಿಲ್ಲ. ಅಷ್ಟು ಚೆಂದ ಬರೆಯುತ್ತಿದ್ದಳು.

ಹಬ್ಬದ ದಿನ ಮಾತ್ರ ಅವಳು ಹೂವನ್ನೂ ಬಿಟ್ಟು ಕಿಟಕಿಯಲ್ಲಿ ಕೂರುತ್ತಿದ್ದಳು, ಬಸ್ಸುಗಳನ್ನು ನೋಡುತ್ತ. "ಎಲ್ಲಿಯ ಬಸ್ಸು ನೋಡು ತೆಕ್ಲಾ, ಸಮುದ್ರದ ಕಡೇದಾ?" ಅಂತ ಕೇಳುವಳು. "ಸಮುದ್ರದ ಕಡೆ ನಿನಗೆ ಯಾರು ಗಂಡು ನೋಡಿದ್ದಾರೆ?" ಅಂತ ನಾನು ಆಡಿಕೊಳ್ಳುತ್ತಿದ್ದೆ. ಮದುವೆಯಾಗದವಳಿಗೆ ಹಾಗೆ ಅನ್ನಬಾರದಿತ್ತು.

ನಿಮ್ಮ ಲಿದಿಯಾ ಅವರ ಹೂವನ್ನು ೧೯೭೫ರಲ್ಲಿ ನಾನೇ ಸುಣ್ಣ ಬಳಿದು ಮುಚ್ಚಿದೆ. ಆಮೇಲೆ ಪ್ರತಿ ವರ್ಷ ಅದರ ಮೇಲೆ ಇನ್ನೊಂದು ಸಲ. ನೀವು ದರ್ಜಿಯ ಸೀಮೆಸುಣ್ಣದ ಗೆರೆಯ ವಿಷಯ ಬರೆದಿದ್ದಿರಿ. ಅದನ್ನು ಓದಿದ ಮೇಲೆ ನನಗೆ ಬರೆಯಲು ಕೈ ಬರಲಿಲ್ಲ.

ಈ ವರ್ಷದಿಂದ ಸುಣ್ಣ ಇಲ್ಲ. ಜಿಲ್ಲೆಯ ಮ್ಯೂಸಿಯಂನಿಂದ ಯುಸ್ತಿನಾ ಅಂತ ಒಬ್ಬ ಹುಡುಗಿ ಬರುತ್ತಾಳೆ, ಗೋಡೆಯ ಚಿತ್ರ ಕಾಪಾಡುವ ಕೆಲಸ ಕಲಿತವಳು. ರೊಝಾಲಿಯಾ ಕೊನೆಯದಾಗಿ ಬರೆದದ್ದು ಹಾಗೇ ಇರಬೇಕಂತೆ. "ಅಮ್ಮಾ, ನೊಣ ಕೂತರೂ ನೀವು ಓಡಿಸೋ ಹಾಗಿಲ್ಲ" ಅಂತ ನಗುತ್ತ ಹೇಳಿದಳು. ಪಕ್ಕದ ಮನೆಯ ಗೆನೊವೇಫಾ ಅಕ್ಕನಿಗೆ ಇದು ಗಂಟಲಲ್ಲಿ ಇಳಿಯುತ್ತಿಲ್ಲ. "ಹಬ್ಬಕ್ಕೆ ಸುಣ್ಣ ಕಾಣದ ಗೋಡೆ ಅಂದ್ರೆ ಮುಖ ತೊಳೀದೆ ಚರ್ಚಿಗೆ ಹೋದ ಹಾಗೆ ಕಣೇ" ಅನ್ನುತ್ತಾಳೆ.

ಹೂ ಇಲ್ಲ. ಇದ್ದದ್ದನ್ನು ನನ್ನ ಕೈಯೇ ಮುಚ್ಚಿದ್ದು. ಕ್ಷಮಿಸಿ.

ತೆಕ್ಲಾ


ಗ್ದಿನ್ಯಾ, ೧೭ ಮೇ ೨೦೦೧

ತೆಕ್ಲಾ ಅವರೇ,

ನಿಮ್ಮ ಅಕ್ಕನ ವಿಷಯ ತಿಳಿದು ದುಃಖವಾಯಿತು.

ನೀವು ಮಾರ್ಚಿನಲ್ಲೇ ಹೇಳಿದ್ದರೆ ನಾನು ಇಷ್ಟು ಆಸೆ ಇಟ್ಟುಕೊಳ್ಳುತ್ತಿರಲಿಲ್ಲ. ತಪ್ಪು ನಿಮ್ಮದಲ್ಲ, ನಿಮ್ಮ ಊರಿನ ಪದ್ಧತಿ ಅದು. ಆದರೆ ಮೂರು ತಿಂಗಳು ನಾನು ಪ್ರತಿ ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟದ್ದು ಆ ಗೋಡೆಯ ಆಸರೆಯಲ್ಲಿ.

ಟಿಕೆಟ್ ವಾಪಸ್ ಕೊಟ್ಟೆ. ಅಷ್ಟು ದೂರ ಬಂದು ನೋಡುವಂಥದ್ದು ಇನ್ನೇನೂ ಇಲ್ಲ.

ಬೊಗುಮಿಲ್


ಓಲ್ಶಾ, ೮ ಜೂನ್ ೨೦೦೧

ಬೊಗುಮಿಲ್ ಅವರೇ,

ನೀವು ಇದನ್ನು ಓದದೆ ಬದಿಗಿಡಬಹುದು. ಆದರೂ ಬರೆಯಲೇಬೇಕು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸೋಮವಾರ, ಹಬ್ಬಕ್ಕೆ ಹತ್ತು ದಿನ ಇರುವಾಗ, ಬೆಳಿಗ್ಗೆ ಎದ್ದು ಹಸುವಿಗೆ ಹುಲ್ಲು ಹಾಕಿ ಸುಣ್ಣ ಕಲಸಿದೆ. ಯಾಕೆ ಕಲಸಿದೆ ಅಂತ ಕೇಳಬೇಡಿ. ಆ ದಿನ ಬಂದರೆ ನನ್ನ ಕೈ ಸುಣ್ಣ ಕಲಸುತ್ತದೆ, ನಲವತ್ತು ವರ್ಷದಿಂದ ಹಾಗೇ. ಬಕೆಟ್ ಎತ್ತಿಕೊಂಡು ಅಂಗಳ ದಾಟಿ ಬೀಗ ತೆಗೆದೆ. ಕಿಟಕಿಗಳಿಗೆ ಹಲಗೆ ಇದ್ದದ್ದರಿಂದ ಒಳಗೆ ಮಬ್ಬು. ಬಾಗಿಲಿನಿಂದ ಬರುವ ಬೆಳಕು ಸಾಕಾಗಿತ್ತು. ಗೋಡೆ ನೋಡದೆ ಬಕೆಟ್ ನೋಡುತ್ತ ಅಡುಗೆಮನೆಯ ಒಲೆಯ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಬಳಿದೆ. ಎರಡು ಸಲ ಬಳಿದೆ. ಚೆನ್ನಾಗಿ ಬಂತು ಅಂತ ಅನಿಸಿತು ಕೂಡ. ಬಾವಿಯ ಹತ್ತಿರ ಕುಂಚ ತೊಳೆಯುತ್ತ, "ಆಯ್ತು ಕಣೇ, ಬಾ" ಅಂತ ಕೂಗಿದೆ.

ಕೂಗಿದ ಮೇಲೆ ಗೊತ್ತಾಯಿತು.

ಒಳಗೆ ಹೋಗಿ ಕಿಟಕಿಯ ಹಲಗೆ ತೆಗೆದೆ. ಇಡೀ ಗೋಡೆ ಬಿಳಿ. ಬಣ್ಣ ಕಲಸಿದ ಬಟ್ಟಲು ಇಲ್ಲ, ಕುಂಚ ಹಿಡಿದು ನಿಂತವಳಿಲ್ಲ. ನನ್ನ ಅಕ್ಕ ಕೊನೆಯದಾಗಿ ಬರೆದ ಗೋಡೆಯನ್ನು ನಾನು ಮುಚ್ಚಿಬಿಟ್ಟಿದ್ದೆ. ಒದ್ದೆ ಬಟ್ಟೆಯಲ್ಲಿ ಒಂದು ಮೂಲೆ ಒರೆಸಿದೆ. ಸುಣ್ಣದ ಜೊತೆ ಬಣ್ಣವೂ ಬಂತು, ಹಾಲಿನ ಬಣ್ಣ ಅಲ್ಲವೇ. ಕೈ ಬಿಟ್ಟೆ. ಸಂಜೆಯವರೆಗೆ ಹೊಸ್ತಿಲ ಮೇಲೆ ಕೂತಿದ್ದೆ.

ಬುಧವಾರ ಯುಸ್ತಿನಾ ಬಂದಳು, ಇಪ್ಪತ್ತು ಜೊತೆ ಉಣ್ಣೆಯ ಚಪ್ಪಲಿಗಳ ಮೂಟೆ ಹೊತ್ತುಕೊಂಡು. ಗೋಡೆ ನೋಡಿ ಮೂಟೆ ಕೆಳಗಿಟ್ಟಳು. ಆಮೇಲೆ ತಾನೂ ಮೂಟೆಯ ಮೇಲೆ ಕೂತಳು.

"ಅಮ್ಮಾ, ಏನು ಮಾಡ್ಬಿಟ್ರಿ?"

ಗೆನೊವೇಫಾ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. "ಹಬ್ಬ ಬಂದ್ರೆ ಸುಣ್ಣ ಬಳೀದೆ ಇನ್ನೇನು ಬಳೀತಾರೆ? ನಿಮ್ಮ ಮ್ಯೂಸಿಯಂಗೆ ಹಬ್ಬ ಇಲ್ವಾ?" ಅಂದಳು.

"ಅಜ್ಜಿ, ನೀವು ಸ್ವಲ್ಪ ಸುಮ್ಮನಿರಿ."

"ಸುಮ್ಮನಿರೋಕೆ ನಾನೇನು ನಿನ್ನ ಪೆಟ್ಟಿಗೇಲಿರೋ ಮಡಕೆಯಾ? ಇವಳ ಮುಖ ನೋಡು. ಎರಡು ದಿನದಿಂದ ಒಂದು ತುತ್ತು ತಿಂದಿಲ್ಲ. ಬೈಯೋದಿದ್ರೆ ತಿನ್ನಿಸಿ ಬೈಯಿ."

ಹುಡುಗಿ ಬೈಯಲಿಲ್ಲ. ತನ್ನ ಚೀಲದಿಂದ ಒಂದು ಫೈಲು ತೆಗೆದಳು. ಕಳೆದ ಸೆಪ್ಟೆಂಬರಿನಲ್ಲಿ, ರೊಝಾಲಿಯಾ ಇನ್ನೂ ಓಡಾಡುತ್ತಿದ್ದಾಗ, ಅವಳು ಬಂದು ಗೋಡೆಗಳ ಫೋಟೋ ತೆಗೆದಿದ್ದಳು. "ಇಷ್ಟಾದರೂ ಉಳೀತು" ಅಂತ ಒಂದೊಂದೇ ಫೋಟೋ ನೆಲದ ಮೇಲೆ ಜೋಡಿಸಿದಳು. ನಾನು ಅಕ್ಕನ ಗೋಡೆಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಹಾಗೆ, ನೆಲದ ಮೇಲೆ, ಕಾಗದದಲ್ಲಿ.

"ಇದೊಂದು ಮಾತ್ರ ಅರ್ಧಕ್ಕೆ ಬಿಟ್ಟಿದ್ದಾರೆ, ವಯಸ್ಸಾಗಿತ್ತಲ್ಲ" ಅಂತ ಯುಸ್ತಿನಾ ಒಂದು ಫೋಟೋದ ಮೇಲೆ ಬೆರಳಿಟ್ಟಳು. ಒಲೆಯ ಎಡಕ್ಕೆ, ಸಕ್ಕರೆ ಡಬ್ಬಿಯ ಹಲಗೆಯ ಕೆಳಗೆ, ನೀಲಿ ಹೂ. ಏಳು ಎಸಳು. ಏಳನೆಯದಕ್ಕೆ ಬರೀ ಗೆರೆ, ಒಳಗೆ ಬಿಳಿ.

ನನ್ನ ಏಪ್ರನ್ ಜೇಬಿನಲ್ಲಿ ನಿಮ್ಮ ಮೊದಲ ಕಾಗದ ಇತ್ತು. ತೆಗೆದು ಅವಳ ಕೈಗೆ ಕೊಟ್ಟೆ. ಓದಿದಳು, ಮತ್ತೆ ಓದಿದಳು. "ಆದರೆ ಅಮ್ಮಾ, ಇದು ಎರಡು ಸಾವಿರದ ಗೋಡೆ. ಆಯಮ್ಮ ಬರೆದದ್ದು ಎಪ್ಪತ್ತನಾಲ್ಕರಲ್ಲಿ."

"ಅದೇ ನನಗೂ ಅರ್ಥ ಆಗ್ತಿಲ್ಲ" ಅಂದೆ.

ಅವಳು ಗೋಡೆಯ ಹತ್ತಿರ ಹೋಗಿ ಬೆರಳಿನಿಂದ ತಟ್ಟಿ ನೋಡಿದಳು. ಡಾಕ್ಟರ ಬಳಿ ಇರುವಂಥ ಸಣ್ಣ ಚಾಕು ತೆಗೆದು ನನ್ನ ಕಡೆ ತಿರುಗಿದಳು. "ಕೆಳಗೆ ಎಲ್ಲ ವರ್ಷಗಳೂ ಇವೆ, ಒಂದರ ಮೇಲೊಂದು. ಒಂದೊಂದು ವರ್ಷಾನೂ ಅಕ್ಕಿಕಾಳಿನಷ್ಟು ಅಗಲ ಬಿಟ್ಟು ಮೆಟ್ಟಿಲಿನ ಹಾಗೆ ಕೆರೆದುಕೊಂಡು ಇಳೀಬಹುದು. ಆದರೆ ಕೆರೆದಷ್ಟು ಜಾಗದಲ್ಲಿ ನಿಮ್ಮ ಅಕ್ಕ ಬರೆದದ್ದು ವಾಪಸ್ ಬರಲ್ಲ. ಇಪ್ಪತ್ತಾರು ವರ್ಷ ದಾಟಿ ಹೋಗಬೇಕು. ನೀವು ಹೇಳಿ."

ನಾನು ಯೋಚಿಸಿದೆ. ಅವಳನ್ನು ಇನ್ನೂ ಒಂದು ಸಲ ಕಳೆದುಕೊಳ್ಳಬೇಕೇ ಅನಿಸಿತು. ಆದರೆ ಆ ಎಸಳನ್ನು ಯಾಕೆ ಬಿಟ್ಟಳು ಅಂತ ಗೊತ್ತಾಗದೆ ನಾನು ಸಾಯಬಾರದು ಅಂತಲೂ ಅನಿಸಿತು. "ಇಪ್ಪತ್ತೇಳು ಸಲ ಮುಚ್ಚಿದ್ದೀನಿ. ಒಂದು ಸಲ ತೆಗೀರಿ" ಅಂದೆ.

ಎರಡು ದಿನ ಹಿಡಿಯಿತು. ತುಂಬಿದ ಎಸಳು ಮತ್ತು ಖಾಲಿ ಎಸಳು ಸೇರುವ ಜಾಗದಲ್ಲಿ ಕೆರೆದಳು, ಎರಡೂ ಕಾಣುವ ಹಾಗೆ. ಮೊದಲು ನನ್ನ ಹೊಸ ಸುಣ್ಣ. ಅದರ ಕೆಳಗೆ ೨೦೦೦: ಬಲಕ್ಕೆ ನೀಲಿ, ಎಡಕ್ಕೆ ಗೆರೆ, ಒಳಗೆ ಬಿಳಿ. ಅದರ ಕೆಳಗೆ ಸುಣ್ಣ. ಅದರ ಕೆಳಗೆ ೧೯೯೯: ಬಲಕ್ಕೆ ನೀಲಿ, ಎಡಕ್ಕೆ ಗೆರೆ, ಒಳಗೆ ಬಿಳಿ. ೧೯೯೮. ೧೯೯೭. ಯುಸ್ತಿನಾ ಪ್ರತಿ ಮೆಟ್ಟಿಲಿಗೂ ವರ್ಷ ಹೇಳುತ್ತಿದ್ದಳು, ನಾನು ಒಲೆಯ ಕಟ್ಟೆ ಹಿಡಿದು ಕೇಳುತ್ತಿದ್ದೆ. ಗೆನೊವೇಫಾ ಅಕ್ಕ ಗಸಗಸೆ ಕೇಕು ತಂದವಳು ತಟ್ಟೆ ಹಿಡಿದೇ ನಿಂತುಬಿಟ್ಟಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಪ್ರತಿ ವರ್ಷದ ನೀಲಿ ಬೇರೆ ಬೇರೆ. ಅಂಗಡಿಯಲ್ಲಿ ಏನೂ ಸಿಗದಿದ್ದ ವರ್ಷಗಳಲ್ಲಿ ತೆಳ್ಳಗೆ, ಅದು ಬಟ್ಟೆಗೆ ಹಾಕುವ ನೀಲಿ, ನನ್ನ ಡಬ್ಬಿಯಿಂದಲೇ ಕದ್ದದ್ದು. ೧೯೮೩ರಲ್ಲಿ ನಮ್ಮ ಅಮ್ಮ ಹೋದಳು, ಆ ಮೆಟ್ಟಿಲಿನಲ್ಲಿ ನೀಲಿಯೇ ಇಲ್ಲ, ಮಸಿಯ ಕಪ್ಪು. ಆ ವರ್ಷ ಕೂಡ ಎಡಗಡೆಯ ಎಸಳು ಖಾಲಿ. ಬರೆಯಲು ಮನಸ್ಸಿಲ್ಲದ ವರ್ಷದಲ್ಲೂ ಅದನ್ನು ಖಾಲಿ ಬಿಡಲು ಮರೆತಿರಲಿಲ್ಲ.

ಇಪ್ಪತ್ತಾರು ಮೆಟ್ಟಿಲೂ ಹಾಗೇ, ಬೊಗುಮಿಲ್ ಅವರೇ. ನಾನು ಮುಚ್ಚುತ್ತಿದ್ದೆ, ಅವಳು ಮತ್ತೆ ಅದೇ ಜಾಗದಲ್ಲಿ ಅದೇ ಹೂ ಬರೆದು ಅದೇ ಎಸಳನ್ನು ನಿಮ್ಮ ಲಿದಿಯಾ ಅವರಿಗೆ ಅಂತ ಬಿಡುತ್ತಿದ್ದಳು. ಬರುತ್ತೇನೆ ಅಂದಿದ್ದರಲ್ಲ. ಸಮುದ್ರದ ಕಡೆಯ ಬಸ್ಸು ಬಂತಾ ಅಂತ ಅವಳು ಕೇಳುತ್ತಿದ್ದದ್ದು ಇದಕ್ಕೆ. ನಾನು ಗಂಡಿನ ಮಾತೆತ್ತಿ ಆಡಿಕೊಂಡೆ, ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಒಂದು ಸಲವಾದರೂ ನನಗೆ ಹೇಳಬಹುದಿತ್ತು. ಹೇಳಿದ್ದರೆ ನಾನು ನಗುತ್ತಿದ್ದೆನೇನೋ, ಅದಕ್ಕೇ ಹೇಳಲಿಲ್ಲವೇನೋ.

ಇವತ್ತು ಬೆಳಿಗ್ಗೆ ಕೊನೆಯ ಮೆಟ್ಟಿಲು ಬಂತು. ಯುಸ್ತಿನಾ ಚಾಕು ಕೆಳಗಿಟ್ಟು ಭೂತಗನ್ನಡಿ ನನ್ನ ಕೈಗೆ ಕೊಟ್ಟಳು. "ಇದು ನಿಮ್ಮ ಅಕ್ಕನ ಕೈ ಅಲ್ಲ" ಅಂದಳು. ಅಲ್ಲ, ನನಗೂ ಕಂಡಿತು. ರೊಝಾಲಿಯಾಳ ಗೆರೆ ನೀರು ಹರಿದ ಹಾಗೆ. ಈ ಗೆರೆ ದಪ್ಪ, ನಡುವೆ ಒಂದು ಸಲ ನಿಂತು, ಹೆದರಿ, ಮತ್ತೆ ಹೊರಟಿದೆ. ಬಣ್ಣದಲ್ಲಿ ಹಸುವಿನ ಬಾಲದ ಒಂದು ಕೂದಲು ಅಂಟಿಕೊಂಡಿದೆ. ಕುಂಚವನ್ನು ಗಟ್ಟಿಯಾಗಿ ಒತ್ತಿದ್ದಾರೆ, ಹೊಸಬರು ಹಾಗೆ ಒತ್ತುತ್ತಾರೆ. ನನ್ನ ಉಗುರಿನಷ್ಟು ಜಾಗ ಕಾಣುತ್ತದೆ, ಅಷ್ಟೇ. ನಿನ್ನೆ ಬರೆದ ಹಾಗಿದೆ. ಬಿಸಿಲು ಕಂಡಿಲ್ಲ, ಹೊಗೆ ಕಂಡಿಲ್ಲ, ಯಾರೂ ಮುಟ್ಟಿಲ್ಲ. ನನ್ನ ಸುಣ್ಣ ಅದನ್ನು ಕಾಪಾಡಿತು ಅಂತ ಯುಸ್ತಿನಾ ಹೇಳುತ್ತಾಳೆ. ನನಗೆ ಸಮಾಧಾನ ಮಾಡಲು ಹೇಳಿದಳೋ ನಿಜವೋ, ನೀವೇ ನೋಡಿ ಹೇಳಿ.

ಅಷ್ಟೂ ವರ್ಷ ಸೇರಿ ಎಷ್ಟು ದಪ್ಪ ಇದೆ ಗೊತ್ತೇ? ಒಂದು ಕೋಟಿನ ಗುಂಡಿಯಷ್ಟು.

ತೆಕ್ಲಾ


ಗ್ದಿನ್ಯಾ, ೧೧ ಜೂನ್ ೨೦೦೧ (ಕಾರ್ಡು)

ತೆಕ್ಲಾ ಅವರೇ, ಟಿಕೆಟ್ ಮತ್ತೆ ಕೊಂಡೆ. ಕಿಟಕಿಯ ಬಳಿ ಜಾಗ ಇಲ್ಲವಂತೆ, ನಿಂತೇ ಬರುತ್ತೇನೆ. ಈ ಕಾರ್ಡು ಮೊದಲು ಬರುತ್ತದೋ ನಾನೋ ಗೊತ್ತಿಲ್ಲ. ಬೊಗುಮಿಲ್.


ಓಲ್ಶಾ, ೧೭ ಜೂನ್ ೨೦೦೧

ಬೊಗುಮಿಲ್ ಅವರೇ,

ಕಾರ್ಡು ನಿನ್ನೆ ಬಂತು. ನೀವೇ ಗೆದ್ದಿರಿ.

ಯುಸ್ತಿನಾ ಹಬ್ಬದ ಮರುದಿನ ಉಣ್ಣೆಯ ಚಪ್ಪಲಿಗಳನ್ನು ಎಣಿಸಿದಾಗ ಹತ್ತೊಂಬತ್ತು ಜೊತೆ ಇದ್ದವು. ಗೆನೊವೇಫಾ ಅಕ್ಕ ಹೇಳಿದಳು, "ಆ ಸಮುದ್ರದ ಮನುಷ್ಯ ಬಸ್ಸು ಹತ್ತುವಾಗ ಕಾಲಲ್ಲಿ ಸದ್ದೇ ಇರಲಿಲ್ಲ ಕಣೇ, ಬೆಕ್ಕಿನ ಹಾಗೆ ಹೋದ. ನಾನು ಪಟ್ಟಣದ ಶೂ ಹೀಗೇ ಇರಬೇಕು ಅಂದ್ಕೊಂಡೆ." ಈಗ ಊರೆಲ್ಲ ಅದೇ ಮಾತು. ಮ್ಯೂಸಿಯಂ ತೆರೆದ ಮೊದಲ ದಿನವೇ ಕಳ್ಳತನ.

ನೀವು ಆ ಉಗುರಿನಷ್ಟು ಜಾಗದ ಮುಂದೆ ಎರಡು ಗಂಟೆ ಮೊಣಕಾಲೂರಿ ಕೂತಿದ್ದಿರಿ. ಹಿಂದೆ ಜನ ಸಾಲು ನಿಂತಿದ್ದರು, ಯಾರೂ ಬೇಗ ಏಳಿ ಅನ್ನಲಿಲ್ಲ. ಏನು ನೋಡುತ್ತಿದ್ದೀರಿ ಅಂತ ಒಂದು ಮಗು ಕೇಳಿದಾಗ ನೀವು ಭೂತಗನ್ನಡಿ ಕೊಟ್ಟು "ನನ್ನ ಹೆಂಡತಿ ಇಲ್ಲಿ ಸ್ವಲ್ಪ ಹೆದರಿದ್ದಾಳೆ ನೋಡು, ಆಮೇಲೆ ಧೈರ್ಯ ತಗೊಂಡಿದ್ದಾಳೆ" ಅಂದಿರಿ. ಅದನ್ನು ಕೇಳಿ ನಾನು ಹೊರಗೆ ಹೋದೆ. ಕೋಳಿಗೆ ಕಾಳು ಹಾಕಲು ಅಂದೆನಲ್ಲ, ಕಾಳು ಹಾಕಿರಲಿಲ್ಲ.

ಬಿಳಿ ಗೋಡೆಯ ಮೇಲೆ ನಾನು ಬರೆದ ಆ ಸೊಟ್ಟ ಹೂವನ್ನು ನೀವು ನೋಡಿ ನಗಲಿಲ್ಲ. ಅರವತ್ತೆಂಟನೇ ವಯಸ್ಸಿನಲ್ಲಿ ಮೊದಲ ಹೂ. ಏಳನೆಯ ಎಸಳು ಬಿಟ್ಟು ಕುಂಚ ನಿಮ್ಮ ಕೈಗೆ ಕೊಟ್ಟೆ. ನೀವು ಬಣ್ಣದಲ್ಲಿ ಅದ್ದಿ, ಗೋಡೆಯವರೆಗೆ ತಂದು, ಮತ್ತೆ ಬಟ್ಟಲಿನಲ್ಲಿ ಇಟ್ಟಿರಿ. ಬಸ್ಸಿನವನು ಹಾರ್ನ್ ಹೊಡೆದ.

ಕೆರೆದ ಜಾಗಕ್ಕೆ ಮುಚ್ಚಿದ ಆ ಗ್ಲಾಸಿನ ಕೆಳಗೆ ಒಂದು ಹೆಸರಿನ ಚೀಟಿ ಅಂಟಿಸಬೇಕು ಅಂತ ಯುಸ್ತಿನಾ ಕೇಳುತ್ತಿದ್ದಾಳೆ. ನಾನು ಎರಡು ಹೆಸರು ಹೇಳಿದ್ದೇನೆ. ಸುಣ್ಣ ಬಳಿದವಳ ಹೆಸರೂ ಬೇಕು ಅನ್ನುತ್ತಾಳೆ. ಬೇಡ ಅಂದೆ. ಅಂಟಿಸಿಬಿಟ್ಟಿದ್ದಾಳೆ.

ತೆಕ್ಲಾ


ಗ್ದಿನ್ಯಾ, ೨೪ ಜೂನ್ ೨೦೦೧

ತೆಕ್ಲಾ ಅವರೇ,

ಕಳ್ಳಮಾಲು ಈ ಪೊಟ್ಟಣದಲ್ಲಿದೆ. ಕ್ರಾಕೂವ್ ನಿಲ್ದಾಣದಲ್ಲಿ ರೈಲು ಬದಲಿಸುವಾಗ ಒಬ್ಬ ಹೆಂಗಸು ನನ್ನ ಕಾಲು ನೋಡಿ ಸರಿದು ಕೂತಾಗ ಗೊತ್ತಾಯಿತು. ತೆಗೆಯಲು ಮನಸ್ಸಾಗಲಿಲ್ಲ. ಗ್ದಿನ್ಯಾದವರೆಗೂ ಹಾಕಿಕೊಂಡೇ ಬಂದೆ. ನಮ್ಮ ಮನೆಯ ನೆಲದ ಮೇಲೆ ಒಂದು ಸಲ ಜಾರಿ ನೋಡಿದೆ, ಲಿದಿಯಾ ಜಾರುತ್ತಿದ್ದ ಹಾಗೆ. ಕೆಳಗಿನ ಮನೆಯವರು ಬಂದು ಬಿದ್ದಿರಾ ಅಂತ ಕೇಳಿದರು.

ಓಲ್ಶಾದ ಪುಟದಲ್ಲಿ ಟಿಕೆಟ್ ಅಂಟಿಸಿದೆ, ನಿಮ್ಮ ಮ್ಯೂಸಿಯಂನ ನಾಲ್ಕನೆಯ ಟಿಕೆಟ್. ಅವಳು ಬರೆದ ಸಾಲುಗಳ ಕೆಳಗೆ ಜಾಗವಿತ್ತು. ಏನು ಬರೆಯಬೇಕೆಂದು ತುಂಬ ಹೊತ್ತು ಯೋಚಿಸಿ, "ಅವರು ಕಾಯುತ್ತಿದ್ದರು" ಅಂತ ಬರೆದೆ.

ನನ್ನ ಮಾತೊಂದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮ್ಯೂಸಿಯಂನಲ್ಲಿ ಏನೂ ಅಳಿಸಿಹೋಗುವುದಿಲ್ಲ, ಅದಕ್ಕೇ ನಂಬುತ್ತೇನೆ ಅಂದಿದ್ದೆ. ನಿಮ್ಮ ಗೋಡೆಯ ಮುಂದೆ ಕೂತಾಗ ನನಗೆ ಮೈ ಜುಂ ಅಂದದ್ದು ಲಿದಿಯಾಳ ಗೆರೆ ಉಳಿದಿದೆ ಅಂತ ಮಾತ್ರ ಅಲ್ಲ. ಅವಳನ್ನು ಒಂದೇ ದಿನ, ಅರ್ಧ ಗಂಟೆ ಕಂಡ ಒಬ್ಬರು ಇಪ್ಪತ್ತಾರು ವರ್ಷ ಅವಳಿಗಾಗಿ ಜಾಗ ಬಿಟ್ಟಿದ್ದರು, ಪ್ರತಿ ಸಲ ಅದು ಮುಚ್ಚಿಹೋಗುತ್ತದೆಂದು ಗೊತ್ತಿದ್ದೂ. ಅಂಥದ್ದನ್ನು ನಾನು ಯಾವ ಮ್ಯೂಸಿಯಂನಲ್ಲೂ ಕಂಡಿರಲಿಲ್ಲ.

ಎಸಳನ್ನು ಯಾಕೆ ತುಂಬಲಿಲ್ಲ ಅಂತ ನೀವು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೂ ತಿಳಿಯುತ್ತಿರಲಿಲ್ಲ.

ಯುಸ್ತಿನಾ ಅವರ ಮೇಲಧಿಕಾರಿಗಳು ಮುಂದಿನ ವರ್ಷ ಆ ಗೋಡೆಗೆ ಸುಣ್ಣ ಬಳಿಯಲು ಒಪ್ಪಿದರೇ? ಗ್ಲಾಸಿನ ಜಾಗ ಬಿಟ್ಟು ಉಳಿದದ್ದಕ್ಕಾದರೂ ಬಳಿಯಬೇಕು, ಇಲ್ಲದಿದ್ದರೆ ಗೆನೊವೇಫಾ ಅವರು ಬಿಡುವುದಿಲ್ಲ. ಒಪ್ಪಿದರೆ ಯಾವ ದಿನ ಅಂತ ಬರೆಯಿರಿ. ಮೂವತ್ತೊಂದು ವರ್ಷ ಕ್ರೇನ್ ನಡೆಸಿದವನಿಗೆ ಸುಣ್ಣದ ಬಕೆಟ್ ಎತ್ತಲು ಬರುತ್ತದೆ.

ಬೊಗುಮಿಲ್


ಓಲ್ಶಾ, ೨ ಜುಲೈ ೨೦೦೧

ಬೊಗುಮಿಲ್ ಅವರೇ,

ಚಪ್ಪಲಿ ಬಂದವು. ಈಗ ಇಪ್ಪತ್ತು ಜೊತೆ ಸರಿಯಾಗಿದೆ.

ಮೇಲಿನವರು ಇನ್ನೂ ಒಪ್ಪಿಲ್ಲ. ಗೆನೊವೇಫಾ ಅಕ್ಕ ಒಪ್ಪಿದ್ದಾಳೆ, ಆದ್ದರಿಂದ ಆಗುತ್ತದೆ.

ಮುಂದಿನ ಹಬ್ಬ ಮೇ ೩೦. ಸುಣ್ಣ ಮೇ ೨೦, ಸೋಮವಾರ. ಹಳೆಯ ಶರ್ಟು ತನ್ನಿ. ಬಳಿಯುವ ಮೊದಲು ಈ ಸಲ ಗೋಡೆಯನ್ನು ಚೆನ್ನಾಗಿ ನೋಡೋಣ, ಇಬ್ಬರೂ.

ತೆಕ್ಲಾ